ಸ್ಲೀವ್ ಆದ ಮೇಲೆ ದಿನಕ್ಕೆ 60 ಗ್ರಾಂ ಪ್ರೋಟೀನ್: ಇಷ್ಟು ಪುಟ್ಟ ಹೊಟ್ಟೆಗೆ ಹೇಗೆ ಸೇರಿಸುತ್ತೀರಿ?

ಪುಟ್ಟತಟ್ಟೆ

ಎಲ್ಲರಿಗೂ ನಮಸ್ಕಾರ. ನನಗೆ ಸ್ಲೀವ್ ಸರ್ಜರಿ (ತೂಕ ಇಳಿಸಲು ಹೊಟ್ಟೆಯ ಬಹುಭಾಗ ತೆಗೆದುಹಾಕುವ ಆಪರೇಷನ್) ಆಗಿ ಎರಡು ತಿಂಗಳಾಗುತ್ತ ಬಂತು. ತೂಕ ಇಳಿಯುತ್ತಿದೆ, ಅದರ ಬಗ್ಗೆ ದೂರಿಲ್ಲ. ತಲೆಬಿಸಿ ಇರುವುದು ಪ್ರೋಟೀನ್ ವಿಷಯದಲ್ಲಿ. ದಿನಕ್ಕೆ 60ರಿಂದ 80 ಗ್ರಾಂ ಅಂತ ಡಯಟಿಶಿಯನ್ ಬರೆದುಕೊಟ್ಟಿದ್ದಾರೆ. ನಾನು ತಿಂದದ್ದನ್ನೆಲ್ಲ ಕೂಡಿಸಿದರೆ 35, ಹೆಚ್ಚೆಂದರೆ 40.

ಒಂದು ಬೇಯಿಸಿದ ಮೊಟ್ಟೆ ಮುಗಿಸುವಷ್ಟರಲ್ಲಿ ಎದೆ ಒತ್ತಿದ ಹಾಗಾಗುತ್ತದೆ. ಮೊನ್ನೆ ಕೋಳಿ ತಿನ್ನಲು ಹೋಗಿ ಮೂರನೇ ತುತ್ತಿಗೇ ಸಿಕ್ಕಿಕೊಂಡಿತು. ಬಾಯಿ ತುಂಬ ನೊರೆ ನೊರೆ ಎಂಜಲು, ಕೊನೆಗೆ ಎದ್ದು ಓಡಬೇಕಾಯಿತು. ಪ್ರೋಟೀನ್ ಪೌಡರ್ ಡಬ್ಬದ ಮುಚ್ಚಳ ತೆಗೆದರೆ ಸಾಕು, ವಾಸನೆಗೇ ಹೊಟ್ಟೆ ತೊಳೆಸುತ್ತದೆ. ಸರ್ಜರಿಗೆ ಮುಂಚೆ ಅದೇ ಡಬ್ಬದ್ದನ್ನು ಆರಾಮಾಗಿ ಕುಡಿಯುತ್ತಿದ್ದೆ!

60 ಮುಟ್ಟಲೇಬೇಕಾ? ಮುಟ್ಟದಿದ್ದರೆ ಕೂದಲೆಲ್ಲ ಉದುರಿಹೋಗುತ್ತದೆ ಅಂತ ಒಬ್ಬರು ಹೆದರಿಸಿದ್ದಾರೆ, ಅದು ನಿಜವಾ?

ನಿಧಾನವೇಗ

ಮೊದಲು ಗಾಬರಿ ಬಿಡಿ. ಎರಡನೇ ತಿಂಗಳಲ್ಲಿ 40ರ ಹತ್ತಿರ ಒದ್ದಾಡುವವರು ಬೇಕಾದಷ್ಟು ಜನ. ನನಗೆ ಬೈಪಾಸ್ (ಹೃದಯದ್ದಲ್ಲ, ಹೊಟ್ಟೆಯ ಮೇಲ್ಭಾಗವನ್ನು ಪುಟ್ಟ ಚೀಲ ಮಾಡಿ ನೇರ ಕರುಳಿಗೆ ಜೋಡಿಸುವ ತೂಕದ ಸರ್ಜರಿ) ಆಗಿ ಕೆಲವು ವರ್ಷ ಕಳೆದಿವೆ, ಈ ಹಂತ ಚೆನ್ನಾಗಿ ನೆನಪಿದೆ.

ಗ್ರಾಂ ಲೆಕ್ಕ ಆಮೇಲೆ ನೋಡೋಣ. ಮೊದಲು ನಿಮಗೆ ಯಾವುದು, ಯಾಕೆ ಸಿಕ್ಕಿಕೊಳ್ಳುತ್ತಿದೆ ಅಂತ ನೋಡಬೇಕು. ಕೋಳಿಯ ಎದೆಭಾಗ ಒಣ ಮಾಂಸ, ನಾರು ಉದ್ದ. ಫ್ರಿಜ್‌ನಲ್ಲಿಟ್ಟು ಮರುದಿನ ಬಿಸಿ ಮಾಡಿದರಂತೂ ಅದು ಈ ಹೊಟ್ಟೆಗೆ ಶತ್ರು. ತೊಡೆಭಾಗ ತೆಗೆದುಕೊಳ್ಳಿ, ಅಥವಾ ನುಣ್ಣಗೆ ಕೊಚ್ಚಿದ ಮಾಂಸವನ್ನು ಸಾರಿನಲ್ಲೇ ನೆನೆಯುವ ಹಾಗೆ ಬೇಯಿಸಿ. ಮೀನು ಇನ್ನೂ ಸುಲಭ, ಚಮಚದಲ್ಲಿ ಒತ್ತಿದರೆ ಎಸಳೆಸಳಾಗಿ ಬಿಡುತ್ತದೆ.

ಮೊಟ್ಟೆಯನ್ನು ಗಟ್ಟಿಯಾಗಿ ಬೇಯಿಸಬೇಡಿ. ಒಂದೆರಡು ಚಮಚ ಹಾಲು ಹಾಕಿ ಕಲಕಿ, ತೀರಾ ಸಣ್ಣ ಉರಿಯಲ್ಲಿ ಬಾಣಲೆಗೆ ಸುರಿಯಿರಿ. ಅಂಚು ಕಟ್ಟಲು ಶುರುವಾದ ಕೂಡಲೇ ಚಮಚದಿಂದ ಒಳಗೆ ಎಳೆಯುತ್ತಾ ಬನ್ನಿ. ಮೇಲೆ ಇನ್ನೂ ಹೊಳೆಯುತ್ತಿರುವಾಗಲೇ ಉರಿ ಆರಿಸಿ. ಮಿಕ್ಕದ್ದು ಬಾಣಲೆಯ ಕಾವಿಗೇ ಬೆಂದು ಮುಗಿಯುತ್ತದೆ, ಆದರೆ ಒಣಗುವುದಿಲ್ಲ. ಗಟ್ಟಿ ಮೊಟ್ಟೆ ಅರ್ಧಕ್ಕೇ ಸಾಕಾದವರು ಹೀಗೆ ಮಾಡಿದ್ದನ್ನು ಪೂರ್ತಿ ಮುಗಿಸುತ್ತಾರೆ.

ನೊರೆ ಬಂತು ಅಂದಿರಲ್ಲ, ಅದು ಸಿಕ್ಕಿಕೊಂಡಿದೆ ಅಂತ ಹೊಟ್ಟೆ ಹೇಳುವ ರೀತಿ. ಆಗ ನೀರು ಕುಡಿದು ಕೆಳಗೆ ತಳ್ಳಲು ಹೋಗಬೇಡಿ, ಜಾಸ್ತಿಯೇ ಆಗುತ್ತದೆ. ತಿನ್ನುವುದು ನಿಲ್ಲಿಸಿ, ಎದ್ದು ನಿಧಾನವಾಗಿ ಓಡಾಡಿ. ಗಂಟೆಗಟ್ಟಲೆ ಹೋಗದಿದ್ದರೆ, ಎಂಜಲು ಕೂಡ ಇಳಿಯದಿದ್ದರೆ ತಡಮಾಡದೆ ನಿಮ್ಮ ಸರ್ಜನ್‌ಗೆ ಫೋನ್ ಮಾಡಿ.

ಪುಟ್ಟತಟ್ಟೆ

ಆಹಾ, ನಾನು ತಿಂದದ್ದು ಹಿಂದಿನ ದಿನದ ಕೋಳಿಯೇ. ಇನ್ನೊಂದು ವಿಚಿತ್ರ ಕೇಳಿ. ತುತ್ತು ಜಾಸ್ತಿಯಾಗುವ ಹೊತ್ತಿಗೆ ಸರಿಯಾಗಿ ನನಗೆ ಮೂಗು ಸೋರಲು ಶುರುವಾಗುತ್ತದೆ. ನೆಗಡಿ ಇಲ್ಲ, ಏನಿಲ್ಲ.

ನಿಧಾನವೇಗ

ಹ್ಹಹ್ಹ, ಸ್ವಾಗತ. ಕೆಲವರಿಗೆ ಮೂಗು, ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಸೀನು. ಅದೇ ನಿಮ್ಮ ಗಂಟೆ. ಮೂಗು ಸೋರಿತು ಅಂದರೆ ಆ ತುತ್ತನ್ನೂ ವಾಪಸ್ ತಟ್ಟೆಗಿಡಿ.

ಲೆಕ್ಕದಮೇಷ್ಟ್ರು

ಲೆಕ್ಕ ನನ್ನ ಕಡೆಯಿಂದ. ಸಾಮಾನ್ಯ ಹೊಟ್ಟೆ ಒಂದು ಲೀಟರ್‌ಗಿಂತ ಜಾಸ್ತಿ ಹಿಡಿಯುತ್ತದೆ. ಸ್ಲೀವ್‌ನಲ್ಲಿ ಅದರ 75ರಿಂದ 80 ಪರ್ಸೆಂಟ್ ತೆಗೆದುಬಿಡುತ್ತಾರೆ, ಉಳಿಯುವುದು 100ರಿಂದ 150 ಮಿಲಿಲೀಟರ್ ಹಿಡಿಯುವ ಒಂದು ಕೊಳವೆ. ಬೈಪಾಸ್‌ನಲ್ಲಿ ಮೇಲಿನ ಚೀಲ ಇನ್ನೂ ಚಿಕ್ಕದು, ಸುಮಾರು 30 ಮಿಲಿಲೀಟರ್. ಇದರಲ್ಲಿ ಮೂರು ಹೊತ್ತು ಊಟ ಮಾಡಿ 60 ಗ್ರಾಂ ತರುತ್ತೇನೆ ಅಂದರೆ ಆಗದ ಮಾತು. ಐದಾರು ಸಲ ಮಾಡಿದರೆ ಒಂದು ಸಲಕ್ಕೆ 10ರಿಂದ 12 ಗ್ರಾಂ ಬಂದರೆ ಸಾಕು.

ಒಂದು ದಿನ ಹೀಗಿರಬಹುದು. ಬೆಳಿಗ್ಗೆ 200 ಮಿಲಿ ಹಾಲಿಗೆ ಎರಡು ಟೇಬಲ್‌ಸ್ಪೂನ್ ಕೆನೆರಹಿತ ಹಾಲಿನ ಪುಡಿ, ಸುಮಾರು 12 ಗ್ರಾಂ. ಆಮೇಲೆ ಮೇಲೆ ಹೇಳಿದ ಮೆತ್ತನೆ ಮೊಟ್ಟೆ, 6. ಮಧ್ಯಾಹ್ನ 40 ಗ್ರಾಂ ಬೆಂದ ಮೀನು, 9. ಸಂಜೆ ನೀರು ಬಸಿದ ಗಟ್ಟಿ ಮೊಸರು 100 ಗ್ರಾಂ, 9. ರಾತ್ರಿ ಗಟ್ಟಿಯಾಗಿ ಮಸೆದ ಬೇಳೆ ಸಣ್ಣ ಬಟ್ಟಲು, 6. ನಡುವೆ ಒಂದು ಸ್ಕೂಪ್ ವೇ ಪೌಡರ್ (ಹಾಲೊಡಕಿನ ಪ್ರೋಟೀನ್ ಪುಡಿ) ಎರಡು ಪಾಲು ಮಾಡಿ ಕುಡಿದರೆ 20. ಒಟ್ಟು 62.

ಎಲ್ಲರೂ ಜಾರುವ ಜಾಗ ಒಂದಿದೆ: ಹಸಿ ತೂಕ, ಬೆಂದ ತೂಕ. 100 ಗ್ರಾಂ ಒಣ ಬೇಳೆಯಲ್ಲಿ 24 ಗ್ರಾಂ ಆಸುಪಾಸು ಪ್ರೋಟೀನ್ ಇರುತ್ತದೆ. ಬೆಂದು ನೀರು ಹೀರಿದ ಮೇಲೆ 100 ಗ್ರಾಂಗೆ 9 ಅಷ್ಟೇ. ಕೋಳಿ ಉಲ್ಟಾ, ಬೇಯುವಾಗ ನೀರು ಬಿಡುತ್ತದೆ. ಹಸಿಯಲ್ಲಿ 23ರ ಹತ್ತಿರ ಇರುವ ಎದೆಭಾಗ ಬೆಂದ ಮೇಲೆ 31 ತೋರಿಸುತ್ತದೆ. ಊಟದ ಲೆಕ್ಕ ಇಡುವ ಆಪ್‌ನಲ್ಲಿ ಯಾವ ಸಾಲು ಆರಿಸುತ್ತೀರಿ ನೋಡಿಕೊಳ್ಳಿ. ಹಾಗೇ 30 ಗ್ರಾಂ ಸ್ಕೂಪ್ ಅಂದರೆ 30 ಗ್ರಾಂ ಪ್ರೋಟೀನ್ ಅಲ್ಲ, ಡಬ್ಬದ ಹಿಂದೆ ಓದಿ.

ಸುಮ್ನೆಕೇಳ್ದೆ

ನನ್ನದೊಂದು ತಕರಾರು. ಆರೋಗ್ಯವಂತರಿಗೆ ದಿನಕ್ಕೆ ದೇಹದ ತೂಕದ ಕಿಲೋಗೆ 0.8 ಗ್ರಾಂ ಸಾಕು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಇಲ್ಲಿ ನೋಡಿದರೆ ದಿನವಿಡೀ ಪ್ರೋಟೀನ್ ಪ್ರೋಟೀನ್ ಅಂತ ಜಪ. ಅರ್ಧ ಭಯ ಪೌಡರ್ ಮಾರುವವರು ಹುಟ್ಟಿಸಿದ್ದು ಅಂತ ನನ್ನ ಅನುಮಾನ. ತಿನ್ನಲು ಆಗದವರಿಗೆ ಯಾಕೆ ಇಷ್ಟು ಒತ್ತಡ?

ಪಥ್ಯದವಳು

ಪೌಡರ್ ಮಾರುವವರ ಬಗ್ಗೆ ನಿಮ್ಮ ಅನುಮಾನ ನನಗೂ ಇದೆ. ಆದರೆ 0.8 ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ನಾನು ಇದೇ ಕೆಲಸದಲ್ಲಿ ಇರುವವಳು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ 0.8 ಇರುವುದು ಹೊಟ್ಟೆತುಂಬ ಊಟ ಮಾಡುವವರಿಗೆ. ಅವರಿಗೆ ಶಕ್ತಿ ಬೇರೆ ಆಹಾರದಿಂದ ಬರುತ್ತದೆ, ಹಾಗಾಗಿ ತಿಂದ ಪ್ರೋಟೀನ್ ದೇಹದ ರಿಪೇರಿಗೆ ಉಳಿಯುತ್ತದೆ. ಸರ್ಜರಿ ಆದ ಮೊದಲ ತಿಂಗಳುಗಳಲ್ಲಿ ಜನ ದಿನಕ್ಕೆ 600-800 ಕ್ಯಾಲರಿಯಲ್ಲಿ ಇರುತ್ತಾರೆ. ದೇಹ ಕೊಬ್ಬು ಕರಗಿಸುತ್ತದೆ ನಿಜ. ಆದರೆ ಕೊಬ್ಬಿನಿಂದ ಗ್ಲೂಕೋಸ್ ಆಗುವುದು ತೀರಾ ಕಮ್ಮಿ. ಕೊರತೆ ತುಂಬಲು ಅದು ಸ್ನಾಯುವಿಗೆ ಕೈಹಾಕುತ್ತದೆ. ತಕ್ಕಡಿಯಲ್ಲಿ ಇಳಿಯುವ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ್ದು ಆಗಿರಬಹುದು. ಅದನ್ನು ಪೂರ್ತಿ ತಡೆಯಲು ಆಗುವುದಿಲ್ಲ, ಕಮ್ಮಿ ಮಾಡಬಹುದು. ಪ್ರೋಟೀನ್ ಒಂದು ದಾರಿ, ಸ್ನಾಯುವಿಗೆ ಕೆಲಸ ಕೊಡುವುದು ಇನ್ನೊಂದು. ಸರ್ಜನ್ ಒಪ್ಪಿಗೆ ಕೊಟ್ಟ ಮೇಲೆ ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ಇಷ್ಟರಿಂದಲೇ ಶುರು ಮಾಡಬಹುದು. ಬರೀ ನಡಿಗೆ ಸಾಲದು.

ಈಗ ಗುರಿ. ಸ್ಲೀವ್ ಮತ್ತು ಬೈಪಾಸ್ ಎರಡಕ್ಕೂ ವೈದ್ಯಕೀಯ ಮಾರ್ಗಸೂಚಿ ಹೇಳುವುದು ಕನಿಷ್ಠ 60 ಗ್ರಾಂ, ಆದರ್ಶ ತೂಕದ ಕಿಲೋಗೆ 1.5 ಗ್ರಾಂವರೆಗೆ. ಆದರ್ಶ ತೂಕ ಅಂದೆ, ಅಂದರೆ ನಿಮ್ಮ ಎತ್ತರಕ್ಕೆ ತಕ್ಕ ತೂಕ, ಈಗಿನ ತೂಕ ಅಲ್ಲ! ಈಗಿನ ತೂಕಕ್ಕೆ ಗುಣಿಸಿ 180 ಗ್ರಾಂ ಅಂತ ಬರೆದುಕೊಂಡು ಅಳುತ್ತಾ ಬಂದವರನ್ನು ನೋಡಿದ್ದೇನೆ. ಕರುಳನ್ನು ಜಾಸ್ತಿ ಬದಲಾಯಿಸುವ ಬಿಲಿಯೋಪ್ಯಾಂಕ್ರಿಯಾಟಿಕ್ ಡೈವರ್ಶನ್ ತರಹದ ಸರ್ಜರಿಯಲ್ಲಿ ತಿಂದದ್ದೇ ಪೂರ್ತಿ ಹೀರಿಕೆಯಾಗುವುದಿಲ್ಲ. ಅವರಿಗೆ 80ರಿಂದ 120 ಗ್ರಾಂ ಬೇಕು. ಸ್ಲೀವ್‌ನಲ್ಲಿ ಕರುಳು ಹಾಗೇ ಇರುತ್ತದೆ, ಪುಟ್ಟತಟ್ಟೆ ಅವರದು ಹೀರಿಕೆಯ ಸಮಸ್ಯೆ ಅಲ್ಲ, ಒಳಗೆ ಹೋಗುವ ಪ್ರಮಾಣದ್ದು.

ಕಿಡ್ನಿ ತೊಂದರೆ ಇರುವವರು ಈ ಯಾವ ಅಂಕಿಯನ್ನೂ ತಾವಾಗಿಯೇ ಹಿಡಿಯಬೇಡಿ. ನಿಮ್ಮ ಗುರಿ ನಿಮ್ಮ ಡಾಕ್ಟರ್ ಹಾಕಿಕೊಟ್ಟದ್ದು.

ಸುಮ್ನೆಕೇಳ್ದೆ

ಸ್ನಾಯುವಿನ ಮಾತು ಒಪ್ಪಿದೆ. ಆದರೂ ಒಂದು ದಿನ 45 ಬಂದರೆ ಆಕಾಶ ಬೀಳುವುದಿಲ್ಲ ಅಲ್ವಾ?

ಪಥ್ಯದವಳು

ಖಂಡಿತ ಬೀಳುವುದಿಲ್ಲ. ಒಂದು ದಿನದ ಅಂಕಿ ಯಾರಿಗೂ ಬೇಡ. ವಾರದ ಸರಾಸರಿ ಮೇಲಕ್ಕೆ ಹೋಗುತ್ತಿದೆಯಾ ಅಂತ ನೋಡಿ. ಮತ್ತೆ ಒಂದು ವಿಷಯಕ್ಕೆ ಮಾತ್ರ ನಾನು ಪ್ರೋಟೀನನ್ನೂ ಹಿಂದಕ್ಕೆ ಹಾಕುತ್ತೇನೆ: ನೀರು. ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರ್. ನೀರಿಲ್ಲದೆ ಆಸ್ಪತ್ರೆ ಸೇರುವುದು ಬೇಗ, ಪ್ರೋಟೀನ್ ಕೊರತೆ ತೋರಲು ಸಮಯ ಹಿಡಿಯುತ್ತದೆ. ಊಟದ ಜೊತೆ ಮಾತ್ರ ಕುಡಿಯಬೇಡಿ. ಊಟ ಮುಗಿದು ಅರ್ಧ ಗಂಟೆ ಬಿಡಿ.

ಪುಟ್ಟತಟ್ಟೆ

ಪೌಡರ್ ವಾಸನೆಗೆ ಏನಾದರೂ ಉಪಾಯ ಹೇಳಿ. ವೆನಿಲಾ, ಚಾಕೊಲೇಟ್ ಎರಡೂ ಸೋತಿವೆ. ಸಿಹಿ ಅಂದರೇ ಆಗುತ್ತಿಲ್ಲ.

ಬೈಪಾಸ್‌ಭಾವ

ಸಿಹಿ ಬಿಡಿ, ಖಾರಕ್ಕೆ ಬನ್ನಿ. ರುಚಿ ಹಾಕದ ಪೌಡರ್ ಸಿಗುತ್ತದೆ, ಅದನ್ನು ಸೂಪ್‌ಗೆ ಹಾಕುವುದು. ಆದರೆ ಕುದಿಯುವ ಸೂಪ್‌ಗೆ ನೇರವಾಗಿ ಸುರಿದರೆ ಗಂಟು ಗಂಟಾಗಿ ರಬ್ಬರ್ ತರಹ ಆಗುತ್ತದೆ. ವೇ ಪ್ರೋಟೀನ್ 70 ಡಿಗ್ರಿ ದಾಟಿದರೆ ಮುದುಡಿಕೊಳ್ಳುತ್ತದೆ. ಪೋಷಣೆ ಹಾಳಾಗುವುದಿಲ್ಲ, ಬಾಯಿಗೆ ಮಾತ್ರ ಹಿತವಿಲ್ಲ. ಮೊದಲು ಸ್ವಲ್ಪ ತಣ್ಣನೆ ಹಾಲು ಅಥವಾ ನೀರಲ್ಲಿ ಪೇಸ್ಟ್ ಮಾಡಿ. ಸೂಪ್ ಇಳಿಸಿ, ಬೆರಳು ತಡೆಯುವಷ್ಟು ಆರಿದ ಮೇಲೆ ಆ ಪೇಸ್ಟ್ ಸೇರಿಸಿ ಕಲಕಿ.

ಶೇಕ್ ಆಗಿಯೇ ಕುಡಿಯಬೇಕಾದರೆ ಚೆನ್ನಾಗಿ ತಣ್ಣಗೆ ಮಾಡಿ, ಮುಚ್ಚಳ ಇರುವ ಲೋಟದಲ್ಲಿ. ತಣ್ಣಗಿದ್ದರೆ ವಾಸನೆ ಅಷ್ಟು ಏಳುವುದಿಲ್ಲ. ಸ್ಟ್ರಾ ಬೇಡ ಅಂತ ನಮಗೆ ಹೇಳಿದ್ದರು, ಗಾಳಿ ಒಳಗೆ ಹೋಗಿ ಹೊಟ್ಟೆ ಉಬ್ಬರಿಸುತ್ತದೆ ಅಂತ.

ಬೈಪಾಸ್ ಆದ ಮೇಲೆ ನನಗೆ ಹಾಲು ಕೂಡ ತಿರುಗಿಬಿತ್ತು. ಕುಡಿದರೆ ಗುಡುಗುಡು, ಆಮೇಲೆ ಟಾಯ್ಲೆಟ್. ಲ್ಯಾಕ್ಟೋಸ್ (ಹಾಲಿನಲ್ಲಿರುವ ಸಕ್ಕರೆ) ಆಗದವರು ಐಸೊಲೇಟ್ ಅಂತ ಬರೆದಿರುವ ವೇ ನೋಡಿ. ಅದರಲ್ಲಿ ಪ್ರೋಟೀನ್ 90 ಪರ್ಸೆಂಟ್ ಹತ್ತಿರ, ಲ್ಯಾಕ್ಟೋಸ್ ಕೊಂಚವೇ. ಕಾನ್ಸನ್‌ಟ್ರೇಟ್ ಅಗ್ಗ, ಆದರೆ ನಮ್ಮಂಥವರಿಗೆ ತೊಂದರೆ. ಸಕ್ಕರೆ ಹಾಕಿದ ರೆಡಿ ಶೇಕ್‌ಗಳನ್ನು ಬೈಪಾಸ್‌ನವರು ಮುಟ್ಟಲೇಬೇಡಿ. ಸಿಹಿ ಒಮ್ಮೆಲೇ ಕರುಳಿಗೆ ಇಳಿದಾಗ ಆಗುವ ಡಂಪಿಂಗ್ ಒಮ್ಮೆ ಅನುಭವಿಸಿದರೆ ಗೊತ್ತಾಗುತ್ತದೆ: ಬೆವರು, ಎದೆಬಡಿತ, ಮಲಗಿಬಿಡಬೇಕು ಅನ್ನಿಸುವಷ್ಟು ಸುಸ್ತು.

ಹಸಿರೂಟ

ಮಾಂಸ, ಮೊಟ್ಟೆ ಎರಡೂ ತಿನ್ನದವಳು ನಾನು. ಬೇಳೆ ಒಂದನ್ನೇ ನಂಬಿದರೆ ಜಾಗ ತುಂಬುತ್ತದೆ, ಗ್ರಾಂ ತುಂಬುವುದಿಲ್ಲ. ಬೇಳೆಯಲ್ಲಿ ಪಿಷ್ಟವೂ ಇದೆ, ನಾರೂ ಇದೆ. ತೋಫು, ಸೋಯಾ, ಗಟ್ಟಿ ಮೊಸರು ನನ್ನ ಆಧಾರ. ಬೇಳೆಯನ್ನು ನೀರಾಗಿ ಮಾಡದೆ ಗಟ್ಟಿಯಾಗಿ ಮಸೆದು, ಅದಕ್ಕೆ ತೋಫು ಕಿವುಚಿ ಸೇರಿಸುತ್ತೇನೆ. ಸೋಯಾ ತುಂಡುಗಳನ್ನು ಮಾತ್ರ ಶುರುವಿನ ತಿಂಗಳುಗಳಲ್ಲಿ ಬೇಡ, ಅಗಿದರೂ ಸ್ಪಂಜಿನ ಹಾಗೇ ಇರುತ್ತವೆ.

ಇನ್ನೊಂದು, ಕೊಲಾಜನ್ ಪೌಡರ್ ಬಗ್ಗೆ. ನೀರಲ್ಲಿ ಕರಗುತ್ತದೆ, ವಾಸನೆ ಇಲ್ಲ, ಕೂದಲಿಗೆ ಒಳ್ಳೆಯದು ಅಂತ ಜಾಹೀರಾತು ಬೇರೆ. ನಾನಂತೂ ಪ್ರಾಣಿಜನ್ಯ ಅಂತ ಮುಟ್ಟಲ್ಲ. ಮುಟ್ಟುವವರೂ ಕೇಳಿ: ಅದರಲ್ಲಿ ಟ್ರಿಪ್ಟೊಫ್ಯಾನ್ ಅನ್ನುವ ಅಗತ್ಯ ಅಮೈನೋ ಆಮ್ಲ ಇಲ್ಲವೇ ಇಲ್ಲ. ಗುಣಮಟ್ಟ ಅಳೆಯುವ ಪಿಡಿಸಿಎಎಎಸ್ ಅಂಕದಲ್ಲಿ ಅದಕ್ಕೆ ಸೊನ್ನೆ. ಡಬ್ಬದ ಮೇಲೆ 20 ಗ್ರಾಂ ಅಂತ ಇದ್ದರೂ 60ರ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

ನಿಧಾನವೇಗ

ಪೌಡರ್ ಬಗ್ಗೆ ನಾನು ಸ್ವಲ್ಪ ಬೇರೆ ರಾಗ. ಮೊದಲ ಮೂರು ತಿಂಗಳು ಪೌಡರ್ ಇಲ್ಲದೆ ಬಹಳ ಜನರಿಗೆ ಆಗುವುದಿಲ್ಲ, ಒಪ್ಪಿದೆ. ಆದರೆ ವರ್ಷ ಕಳೆದರೂ ಶೇಕ್ ಕುಡಿದೇ ಗುರಿ ಮುಟ್ಟುವವರು ಒಂದು ನೋಡಬೇಕು. ದ್ರವ ಈ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಅರ್ಧ ಗಂಟೆಗೆ ಮತ್ತೆ ಹಸಿವು. ಆಗ ಕೈ ಹೋಗುವುದು ಬಿಸ್ಕತ್ತಿಗೆ. ಅಷ್ಟೇ ಪ್ರೋಟೀನನ್ನು ಗಟ್ಟಿ ಮೀನಿನಲ್ಲೋ ತೋಫುವಿನಲ್ಲೋ ತಿಂದರೆ ಗಂಟೆಗಟ್ಟಲೆ ಹೊಟ್ಟೆ ಸುಮ್ಮನಿರುತ್ತದೆ. ಹೊಟ್ಟೆ ಚಿಕ್ಕದು ಮಾಡಿಸಿದ್ದರ ಲಾಭವೇ ಅದು.

ಲೆಕ್ಕದಮೇಷ್ಟ್ರು

ಇದಕ್ಕೆ ನನ್ನ ಆಕ್ಷೇಪ. ಶಿಫ್ಟ್ ಕೆಲಸ ಮಾಡುವವರಿಗೆ, ಮೂರು ಗಂಟೆಗೊಮ್ಮೆ ಬಟ್ಟಲು ಬಿಚ್ಚಲು ಆಗದವರಿಗೆ ಶೇಕ್ ಒಂದೇ ಗತಿ. ಏನೂ ತಿನ್ನದೆ ಇರುವುದಕ್ಕಿಂತ ಸಾವಿರ ಪಾಲು ವಾಸಿ.

ನಿಧಾನವೇಗ

ಏನೂ ತಿನ್ನಬೇಡಿ ಅಂತ ಎಲ್ಲಿ ಹೇಳಿದೆ ಮೇಷ್ಟ್ರೇ? ದಿನಕ್ಕೆ ಒಂದು ಇರಲಿ. ಮೂರೂ ಹೊತ್ತು ಅದೇ ಆಗಬಾರದು, ಅಷ್ಟೇ.

ಪಥ್ಯದವಳು

ಇಬ್ಬರ ಮಾತಿಗೂ ಹಂತ ಬೇರೆ ಬೇರೆ. ಮೊದಲ ಎರಡು ವಾರ ದ್ರವ, ಆಮೇಲೆ ಮಸೆದದ್ದು, ಮೆತ್ತಗಿನದು, ಆರರಿಂದ ಎಂಟು ವಾರದ ಹೊತ್ತಿಗೆ ಸಾಮಾನ್ಯ ಊಟ, ಇದು ಸಾಧಾರಣ ಕ್ರಮ. ಪುಟ್ಟತಟ್ಟೆ ಅವರು ಈಗ ದಾಟುವ ಜಾಗದಲ್ಲಿದ್ದಾರೆ. ಗಟ್ಟಿ ಆಹಾರ ಇನ್ನೂ 40 ಗ್ರಾಂ ಮಾತ್ರ ಕೊಡುತ್ತಿರುವಾಗ ಶೇಕ್ ನಿಲ್ಲಿಸಬಾರದು. ಊಟದಿಂದ ಬರುವುದು 50 ದಾಟಿದ ಮೇಲೆ ಒಂದೊಂದೇ ಕಮ್ಮಿ ಮಾಡಬಹುದು. ತಟ್ಟೆಯಲ್ಲಿ ಕೈ ಮೊದಲು ಪ್ರೋಟೀನಿಗೆ, ಆಮೇಲೆ ತರಕಾರಿಗೆ, ಜಾಗ ಉಳಿದರೆ ಅನ್ನ, ಬ್ರೆಡ್ಡಿಗೆ.

ಒಂದು ಸಲಕ್ಕೆ 30 ಗ್ರಾಂಗಿಂತ ಜಾಸ್ತಿ ಹೀರಿಕೆಯಾಗುವುದಿಲ್ಲ ಅನ್ನುವ ಮಾತು ಆಗಾಗ ಬರುತ್ತದೆ. ಅದು ಸುಳ್ಳು, ದೇಹ ನಿಧಾನವಾಗಿ ಎಲ್ಲವನ್ನೂ ಹೀರುತ್ತದೆ. ಹೇಗೂ ನಿಮ್ಮ ಹೊಟ್ಟೆಗೆ ಈಗ ಒಂದೇ ಸಲ 30 ಹೋಗುವುದೂ ಇಲ್ಲ ಬಿಡಿ.

ಕೂದಲಚಿಂತೆ

ಕೂದಲಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ಉದುರುತ್ತದೆ. ದಿನಕ್ಕೆ 80 ಗ್ರಾಂ ಬಿಡದೆ ತಿಂದ ನನಗೂ ಉದುರಿತು. ಸ್ನಾನದ ಮನೆಯ ಜಾಲರಿ ದಿನಾ ಕಟ್ಟಿಕೊಳ್ಳುತ್ತಿತ್ತು. ಸರ್ಜರಿಯ ಆಘಾತ, ವೇಗವಾಗಿ ಇಳಿಯುವ ತೂಕ, ಎರಡೂ ಸೇರಿ ಬೆಳೆಯುತ್ತಿದ್ದ ಕೂದಲನ್ನು ಒಟ್ಟಿಗೆ ವಿಶ್ರಾಂತಿ ಹಂತಕ್ಕೆ ಕಳಿಸುತ್ತವೆ. ಅವು ಉದುರುವುದು ಮೂರು ತಿಂಗಳ ಸುಮಾರಿಗೆ. ಟೆಲೊಜೆನ್ ಎಫ್ಲುವಿಯಮ್ ಅಂತಾರೆ. ಬುಡ ಸಾಯುವುದಿಲ್ಲ, ಮತ್ತೆ ಬರುತ್ತದೆ. ನನಗೆ ಹಣೆಯ ಅಂಚಿನಲ್ಲಿ ಪುಟಪುಟ ನಿಂತ ಹೊಸ ಕೂದಲು ಬಾಚಣಿಗೆಗೆ ಬಗ್ಗುತ್ತಲೇ ಇರಲಿಲ್ಲ!

ಪಥ್ಯದವಳು

ಸರಿಯಾಗಿ ಹೇಳಿದಿರಿ. ಆದರೆ ಉದುರುವುದು ಆರು ತಿಂಗಳು ದಾಟಿದರೂ ನಿಲ್ಲದಿದ್ದರೆ, ಅಥವಾ ತಡವಾಗಿ ಶುರುವಾದರೆ, ಅದು ಬೇರೆ ಕಥೆ. ಆಗ ಪ್ರೋಟೀನ್ ಜೊತೆ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಪರೀಕ್ಷೆ), ಜಿಂಕ್ ನೋಡಿಸಿ. ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ನುಂಗುವವರು ರಕ್ತಪರೀಕ್ಷೆಗೆ ಮುಂಚೆ ಲ್ಯಾಬ್‌ಗೆ ಹೇಳಬೇಕು. ಥೈರಾಯ್ಡ್, ಹೃದಯದ ಟ್ರೊಪೊನಿನ್ ತರಹದ ಕೆಲವು ಪರೀಕ್ಷೆಗಳಲ್ಲಿ ಅದು ತಪ್ಪು ಅಂಕಿ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ.

ಇದೇ ಮಾತಿಗೆ ಸೇರಿಸುತ್ತೇನೆ: ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ನಾರ್ಮಲ್ ಇದೆ, ಹಾಗಾಗಿ ಪ್ರೋಟೀನ್ ಸಾಕಾಗುತ್ತಿದೆ ಅಂತ ನೆಮ್ಮದಿಯಾಗಿ ಇರಬೇಡಿ. ಆಲ್ಬುಮಿನ್‌ನ ಅರ್ಧಾಯುಷ್ಯವೇ (ಇರುವುದರಲ್ಲಿ ಅರ್ಧ ಖಾಲಿಯಾಗಲು ಹಿಡಿಯುವ ಸಮಯ) ಸುಮಾರು 20 ದಿನ, ಇಳಿಯುವುದು ತಡವಾಗಿ. ಉರಿಯೂತ ಇದ್ದರೆ ಪ್ರೋಟೀನ್ ಸಾಕಷ್ಟಿದ್ದರೂ ಇಳಿಯುತ್ತದೆ. ಮೆಟ್ಟಿಲು ಹತ್ತುವಾಗ ತೊಡೆ ಸೋಲುವುದು, ಗಾಯ ಬೇಗ ಮಾಯದಿರುವುದು, ಕಾಲು ಊದಿ ಬೆರಳಿಟ್ಟರೆ ಗುಳಿ ಬೀಳುವುದು, ಇವನ್ನು ಗಮನಿಸಿ. ಗುಳಿ ಬಿದ್ದರೆ ಅದೇ ವಾರ ಡಾಕ್ಟರ್ ಹತ್ತಿರ ಹೋಗಿ.

ವಾಂತಿ ದಿನಾ ಆಗುತ್ತಿದ್ದರೆ ಅದೇ ದಿನ ಹೋಗಿ. ಬಿಡದ ವಾಂತಿಯಲ್ಲಿ ಮೊದಲು ಖಾಲಿಯಾಗುವುದು ಥಯಾಮಿನ್, ಅಂದರೆ ವಿಟಮಿನ್ ಬಿ1. ನಡಿಗೆ ತೂರಾಡುವುದು, ಕಣ್ಣು ಮಂಜಾಗುವುದು, ಗೊಂದಲ, ಇವು ಕಂಡರೆ ತುರ್ತು ವಿಭಾಗಕ್ಕೆ. ತೂಕದ ಸರ್ಜರಿ ಆಗಿದೆ ಅಂತ ಅಲ್ಲಿ ಬಾಯಿಬಿಟ್ಟು ಹೇಳಿ. ಗ್ಲೂಕೋಸ್ ಡ್ರಿಪ್ ಹಾಕುವ ಮುಂಚೆ ಥಯಾಮಿನ್ ಕೊಡಬೇಕಾಗುತ್ತದೆ.

ಪುಟ್ಟತಟ್ಟೆ

ಎಲ್ಲರಿಗೂ ಥ್ಯಾಂಕ್ಸ್. ವಾಂತಿ ಆವತ್ತು ಕೋಳಿ ತಿಂದಾಗ ಮಾತ್ರ, ದಿನಾ ಇಲ್ಲ. ಇವತ್ತು ಮೊಟ್ಟೆಯನ್ನು ನಿಧಾನವೇಗ ಅವರು ಹೇಳಿದ ಹಾಗೆ ಮಾಡಿದೆ. ಪೂರ್ತಿ ಹೋಯಿತು, ಮೂಗೂ ಸುಮ್ಮನಿತ್ತು. ರುಚಿ ಇಲ್ಲದ ಪೌಡರ್ ತರಿಸುತ್ತಿದ್ದೇನೆ. ಅಲ್ಲಿವರೆಗೆ ಹಾಲಿಗೆ ಹಾಲಿನ ಪುಡಿ. ಮೇಷ್ಟ್ರ ಲೆಕ್ಕ ಹಾಕಿ ನೋಡಿದರೆ ಇವತ್ತು 48.

ಇನ್ನೊಂದು ಸಣ್ಣ ಪ್ರಶ್ನೆ. ಕಬ್ಬಿಣದ ಮಾತ್ರೆಯನ್ನು ಬೆಳಗಿನ ಹಾಲಿನ ಜೊತೆಗೇ ನುಂಗುತ್ತಿದ್ದೇನೆ, ನೀರಿಗೆ ಬೇರೆ ಜಾಗ ಇಲ್ಲವಲ್ಲ ಅಂತ. ಪರವಾಗಿಲ್ಲವಾ?

ಬೈಪಾಸ್‌ಭಾವ

ಅಯ್ಯೋ, ಬೇಡ ಬೇಡ. ಹಾಲಿನ ಕ್ಯಾಲ್ಸಿಯಂ ಕಬ್ಬಿಣಕ್ಕೆ ಅಡ್ಡಗಾಲು.

ಪಥ್ಯದವಳು

ಹೌದು, ಬೇರೆ ಮಾಡಿ. ಕಬ್ಬಿಣಕ್ಕೂ ಹಾಲು, ವೇ ಶೇಕ್, ಕ್ಯಾಲ್ಸಿಯಂ ಮಾತ್ರೆಗೂ ನಡುವೆ ಕನಿಷ್ಠ ಎರಡು ಗಂಟೆ ಇರಲಿ. ಟೀ, ಕಾಫಿಯೂ ಹತ್ತಿರ ಬರಬಾರದು. ರಾತ್ರಿ ಮಲಗುವ ಮುಂಚೆ ಎರಡು ಗುಟುಕು ನೀರಿನಲ್ಲಿ ತೆಗೆದುಕೊಳ್ಳುವುದು ಹಲವರಿಗೆ ಸುಲಭ. ಥೈರಾಯ್ಡ್ ಮಾತ್ರೆ ಇದೆಯಾ? ಇದ್ದರೆ ಅದನ್ನು ಕಬ್ಬಿಣ, ಕ್ಯಾಲ್ಸಿಯಂ ಎರಡರಿಂದಲೂ ನಾಲ್ಕು ಗಂಟೆ ದೂರ ಇಡಬೇಕು. ನೀವು ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಹೊತ್ತಿನ ಪ್ರಕಾರ ಇಲ್ಲೇ ಬರೆಯಿರಿ, ಶೇಕ್ ಮತ್ತು ಊಟದ ನಡುವೆ ಎಲ್ಲಿ ಕೂರಿಸಬಹುದು ನೋಡೋಣ. ಆ ಪಟ್ಟಿಯನ್ನು ನಿಮ್ಮ ಡಾಕ್ಟರಿಗೂ ಒಮ್ಮೆ ತೋರಿಸಿಬಿಡಿ.